ಫೋಟಾನೋ, ಸೂಪರ್‌ಕಂಡಕ್ಟರೋ?

ಕ್ವಾಂಟಮ್ ಕಂಪ್ಯೂಟರ್ ಕಟ್ಟುವುದನ್ನು ಕಲಿಯಲು ಫೋಟಾನ್ (ಬೆಳಕಿನ ಕಣ) ದಾರಿ ಹಿಡಿಯಲೋ, ಸೂಪರ್‌ಕಂಡಕ್ಟರ್ (ತುಂಬಾ ತಂಪಿನಲ್ಲಿ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ವಸ್ತು) ದಾರಿ ಹಿಡಿಯಲೋ ಅಂತ ಕೇಳಿದ್ದೀರಿ.

ಮೊದಲು ತಂಪಿನ ವಿಷಯ. ಸೂಪರ್‌ಕಂಡಕ್ಟರ್ ಚಿಪ್‌ಗೆ ಮೈನಸ್ 273 ಡಿಗ್ರಿಯ ಹತ್ತಿರದ ಚಳಿ ಬೇಕೇ ಬೇಕು. ಫೋಟಾನ್‌ಗಳು ಮಾಮೂಲಿ ಕೋಣೆಯಲ್ಲೇ ಫೈಬರ್ ಒಳಗೆ ಓಡುತ್ತವೆ. ಅವನ್ನು ಎಣಿಸುವ ಒಳ್ಳೆಯ ಡಿಟೆಕ್ಟರ್‌ಗಳಿಗೆ ಮಾತ್ರ ತುಂಬಾ ತಂಪು ಬೇಕು.

ನಿಜವಾದ ಕಷ್ಟ ಬೇರೆಯೇ ಇದೆ. ಎರಡು ಫೋಟಾನ್ ಎದುರಾದರೂ ಸುಮ್ನೆ ದಾಟಿ ಹೋಗುತ್ತವೆ. ಹಾಗಾಗಿ ಅವುಗಳ ನಡುವಿನ ಗೇಟ್, ಅಂದರೆ ಲೆಕ್ಕದ ಒಂದು ಹೆಜ್ಜೆ, ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ದಾರಿಯಲ್ಲಿ ಕಳೆದುಹೋಗುವ ಫೋಟಾನ್‌ಗಳೂ ಜಾಸ್ತಿ. 2020ರಲ್ಲಿ ಚೀನಾದ ಫೋಟಾನ್ ಯಂತ್ರ ಜಿಯುಝಾಂಗ್ 76 ಫೋಟಾನ್‌ವರೆಗೆ ಹಿಡಿಯಿತು, ಆದರೆ ಒಂದೇ ಬಗೆಯ ಲೆಕ್ಕಕ್ಕೆ. 2024ರಲ್ಲಿ ಗೂಗಲ್‌ನ 105 ಕ್ಯೂಬಿಟ್‌ಗಳ (ಕ್ವಾಂಟಮ್ ಬಿಟ್‌ಗಳ) ಸೂಪರ್‌ಕಂಡಕ್ಟರ್ ಚಿಪ್ ವಿಲ್ಲೋ ತಪ್ಪು ತಿದ್ದುವುದರಲ್ಲಿ ದೊಡ್ಡ ಹೆಜ್ಜೆ ಇಟ್ಟಿತು.

ಇವತ್ತೇ ಪ್ರೋಗ್ರಾಂ ಬರೆದು ಓಡಿಸಬೇಕೇ? ಸೂಪರ್‌ಕಂಡಕ್ಟರ್ ಸುಲಭ. ಲೇಸರ್ ಇಷ್ಟವೇ, ದೂರದ ಯಂತ್ರಗಳನ್ನು ಜೋಡಿಸುವ ಆಸೆಯೇ? ಫೋಟಾನ್ ಹಿಡಿಯಿರಿ.