ನಲವತ್ತಾರು ವರ್ಷದ ಮಾರ್ಲಿನ್ 336: ಆರು ವರ್ಷ ಬಳಸಿದ ಮೇಲೆ

2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಸಣ್ಣ ಕೋವಿ ಅಂಗಡಿಯಲ್ಲಿ 425 ಡಾಲರ್ ಕೊಟ್ಟು ಈ ಹಳೇ ಕೋವಿಯನ್ನು ಕೊಂಡೆ. ಮಾರ್ಲಿನ್ 336ಸಿ, ಲಿವರ್ ಆಕ್ಷನ್ (ಕೆಳಗಿನ ಹಿಡಿಯನ್ನು ಕೆಳಗೆ-ಮೇಲೆ ಆಡಿಸಿ ತೋಟಾ ಒಳಗೆ ತರುವ ಬಗೆ), .30-30 ತೋಟಾ, 20 ಇಂಚಿನ ನಳಿಗೆ. ಪಕ್ಕದಲ್ಲೇ ಹೊಳೆಯುವ ಹೊಸ ಕೋವಿಗಳು ಸಾಲಾಗಿ ನಿಂತಿದ್ದವು. ಇದರ ಮರದ ಮೇಲೆ ಗೀರುಗಳಿದ್ದವು, ಕೈ ಹಿಡಿಯುವ ಜಾಗದಲ್ಲಿ ಕಬ್ಬಿಣದ ಕಪ್ಪು ಬಣ್ಣ ಸವೆದು ಬೆಳ್ಳಗಾಗಿತ್ತು. ಅಂಗಡಿಯ ಹಿರಿಯರು ಖಾಲಿ ಇದೆ ಅಂತ ತೋರಿಸಿ ಕೈಗೆ ಕೊಟ್ಟರು. ಒಂದು ಸಲ ಲಿವರ್ ಎಳೆದೆ. ಎಲ್ಲೂ ತಡೆಯದೆ, ಎಣ್ಣೆ ಹಾಕಿದ ಹಳೇ ಬಾಗಿಲಿನ ಅಗಳಿಯ ಹಾಗೆ ಜಾರಿತು. ನನಗೆ ಅಷ್ಟೇ ಸಾಕಾಯಿತು.

ನಾನು ಕೊಡಗಿನವನು. ಮನೆಯಲ್ಲಿ ಅಜ್ಜನ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಕೈಲ್‌ಪೊಳ್ದ್ ಅನ್ನುವ ನಮ್ಮ ಆಯುಧಪೂಜೆಯ ಹಬ್ಬದ ದಿನ ಅದಕ್ಕೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಹಾಗಾಗಿ ಕೋವಿ ಅಂದರೆ ನನಗೆ ಭಯವೂ ಅಲ್ಲ, ಶೋಕಿಯೂ ಅಲ್ಲ. ಮನೆಯ ಒಂದು ವಸ್ತು, ಜವಾಬ್ದಾರಿ ಇರುವ ವಸ್ತು. ಊರಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿ ಹಿಡಿಯಿತು. ಇಲ್ಲಿ ಕ್ರಮ ಬೇರೆ. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು, ರಾಜ್ಯದ ಪೊಲೀಸರ ತಪಾಸಣೆ ಆಗಬೇಕು. ನನಗೆ ಆಗ ಗ್ರೀನ್ ಕಾರ್ಡ್ ಬಂದಿತ್ತು. ಎಚ್‌-1ಬಿ ವೀಸಾದಲ್ಲಿರುವವರು ಗಮನಿಸಿ, ನಿಮಗೆ ಸಾಮಾನ್ಯವಾಗಿ ಕೋವಿ ಕೊಳ್ಳಲು ಅವಕಾಶ ಇಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ಕಾಗದಪತ್ರ ಸರಿಯಾಗಿ ತಿಳಿದುಕೊಂಡೇ ಮುಂದುವರಿಯಿರಿ. ಇದರಲ್ಲಿ ಅಂದಾಜಿನ ಮೇಲೆ ಹೋಗಬಾರದು.

ಹಳೆಯದೇ ಯಾಕೆ ಅಂತ ಸ್ನೇಹಿತರು ಕೇಳುತ್ತಾರೆ. 336 ಬಂದದ್ದು 1948ರಲ್ಲಿ. ಕನೆಕ್ಟಿಕಟ್‌ನ ಮಾರ್ಲಿನ್ ಕಾರ್ಖಾನೆಯಲ್ಲಿ ದಶಕಗಟ್ಟಲೆ ಇದನ್ನೇ ಮಾಡಿದರು. ಆಮೇಲೆ ಕಂಪನಿ ರೆಮಿಂಗ್ಟನ್ ಕೈಗೆ ಹೋಯಿತು, ಹಳೆಯ ಕಾರ್ಖಾನೆ ಮುಚ್ಚಿತು. 2020ರಲ್ಲಿ ರೂಗರ್ ಕೊಂಡುಕೊಂಡು ಈಗ ಮತ್ತೆ ಚೆನ್ನಾಗಿ ಮಾಡುತ್ತಿದೆ, ಆದರೆ ಹೊಸದರ ಬೆಲೆ ಸಾವಿರ ಡಾಲರ್ ದಾಟುತ್ತದೆ. ಕನೆಕ್ಟಿಕಟ್ ಕಾಲದ ಕೋವಿಗಳ ನಳಿಗೆಯ ಬುಡದಲ್ಲಿ 'ಜೆಎಂ' ಅನ್ನುವ ಸಣ್ಣ ಅಚ್ಚು ಇರುತ್ತದೆ. ಹಳೆಯದನ್ನು ಹುಡುಕುವವರು ಮೊದಲು ನೋಡುವುದೇ ಅದನ್ನು. ವಯಸ್ಸು ಗೊತ್ತು ಮಾಡುವುದೂ ಸುಲಭ. 1973ರಿಂದ ತೊಂಬತ್ತರ ದಶಕದವರೆಗಿನವಾದರೆ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಯನ್ನು ನೂರರಿಂದ ಕಳೆಯಿರಿ. ನನ್ನದು 21ರಿಂದ ಶುರುವಾಗುತ್ತದೆ, ಅಂದರೆ 1979.

ಬಳಸುವಾಗಿನ ಸುಖದ ಬಗ್ಗೆ ಹೇಳಲೇಬೇಕು. ತೋಟಾಗಳನ್ನು ಬಲಗಡೆಯ ಸಣ್ಣ ಬಾಗಿಲಿನಿಂದ ಒಂದೊಂದಾಗಿ ಹೆಬ್ಬೆರಳಲ್ಲಿ ಒಳಗೆ ತಳ್ಳಬೇಕು. ಆರು ಹಿಡಿಯುತ್ತದೆ. ಪ್ರತಿಯೊಂದೂ ಹಿಂದಿನದನ್ನು ತಳ್ಳಿಕೊಂಡು ನಳಿಗೆಯ ಕೆಳಗಿನ ಕೊಳವೆಗೆ ಹೋಗುತ್ತದೆ. ನಾಲ್ಕನೆಯದಕ್ಕೆ ಸ್ಪ್ರಿಂಗ್ ಬಿಗಿಯಾಗುವುದು ಬೆರಳಿಗೇ ಗೊತ್ತಾಗುತ್ತದೆ. ಆ ಬಾಗಿಲಿನ ಅಂಚು ಚೂಪು. ಐವತ್ತು ತೋಟಾ ತುಂಬಿದ ದಿನ ಉಗುರಿನ ಬುಡ ಉರಿಯುತ್ತದೆ. ಲಿವರ್ ಕೆಳಗೆ ತಳ್ಳಿದರೆ ಖಾಲಿ ಕೇಸು ಬಲಕ್ಕೆ ಹಾರುತ್ತದೆ, ಕುದುರೆ (ಹಿಂಬದಿಯ ಸುತ್ತಿಗೆ, ಹ್ಯಾಮರ್) ಹಿಂದಕ್ಕೆ ಕೂರುತ್ತದೆ. ಮೇಲಕ್ಕೆ ತಂದರೆ ಹೊಸ ತೋಟಾ ಒಳಗೆ. ಇಷ್ಟೇ. ಅವಸರ ಮಾಡಲು ಮನಸ್ಸೇ ಬರುವುದಿಲ್ಲ. ಒಂದು ಈಡು, ನೋಡು, ಮತ್ತೆ ಒಂದು ಈಡು. ವಾರವಿಡೀ ಸ್ಕ್ರೀನ್ ಮುಂದೆ ಕೂರುವ ನನಗೆ ಶನಿವಾರ ಬೆಳಿಗ್ಗೆಯ ಆ ಎರಡು ಗಂಟೆ ತುಂಬ ದೊಡ್ಡದು.

ಒಂದು ಮಾತು ಮರೆಯಬೇಡಿ. ತೋಟಾಗಳು ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಹಿಂದಿನದರ ಮೂತಿ, ಮುಂದಿನದರ ತಳದಲ್ಲಿ ಪೆಟ್ಟು ಬಿದ್ದರೆ ಮದ್ದು ಹೊತ್ತಿಸುವ ಪ್ರೈಮರ್‌ಗೆ ತಾಗಿರುತ್ತದೆ. ಚೂಪು ಮೂತಿಯ ಗಟ್ಟಿ ಗುಂಡು ಹಾಕಿದರೆ ಒಳಗೇ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂತಿಯದ್ದೇ ಹಾಕಬೇಕು, ಇಲ್ಲವೇ ಹಾರ್ನಡಿ ಅನ್ನುವ ತೋಟಾ ಕಂಪನಿಯವರು ಲಿವರ್ ಕೋವಿಗಳಿಗೆಂದೇ ಮಾಡುವ ಮೆತ್ತನೆಯ ಮೂತಿಯದ್ದು. ನಾನು ಜಾಸ್ತಿ ಬಳಸುವುದು 170 ಗ್ರೇನ್ ತೂಕದ ಚಪ್ಪಟೆ ಮೂತಿಯ ಗುಂಡು.

ಗುರಿಯ ವಿಷಯಕ್ಕೆ ಬಂದರೆ, ನೂರು ಗಜದಲ್ಲಿ ಮರಳಿನ ಚೀಲದ ಮೇಲೆ ಇಟ್ಟು ಹೊಡೆದರೆ ಮೂರು ಗುಂಡು ಎರಡೂವರೆ ಇಂಚಿನೊಳಗೆ ಬೀಳುತ್ತವೆ. ಇಲ್ಲಿನ ಓಕ್ ಕಾಡುಗಳಲ್ಲಿ ಜಿಂಕೆ ಕಾಣುವುದೇ ಎಂಬತ್ತು ಗಜದೊಳಗೆ, ಹಾಗಾಗಿ ಧಾರಾಳ ಆಯಿತು. ನೂರೈವತ್ತರ ಆಚೆಗೆ ನಾನು ಹೊಡೆಯುವುದಿಲ್ಲ, ಗುಂಡು ಜೋರಾಗಿ ಇಳಿಯುತ್ತದೆ. ಬಯಲಲ್ಲಿ ದೂರದ ಗುರಿ ಬೇಕಾದವರು ಬೇರೆ ಕೋವಿ ನೋಡುವುದು ಒಳ್ಳೆಯದು.

ಎರಡನೇ ವರ್ಷ ಒಂದು ತೊಂದರೆ ಆಯಿತು. ಬೇರೊಂದು ಅಂಗಡಿಯಲ್ಲಿ ಸಣ್ಣ ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಸಿದ್ದೆ. ಒಂದು ತಿಂಗಳಲ್ಲಿ ಗುಂಡುಗಳು ಅಡ್ಡಾದಿಡ್ಡಿ ಹೋಗತೊಡಗಿದವು, ಆರಾರು ಇಂಚು ಆಚೀಚೆ. ನಳಿಗೆ ಸವೆದುಹೋಗಿದೆ ಅಂತ ಅಂದುಕೊಂಡು ತುಂಬಾ ಬೇಜಾರಾಯಿತು. ಮೂರು ಪೆಟ್ಟಿಗೆ ತೋಟಾ ಖರ್ಚಾದ ಮೇಲೆ ಸ್ಕೋಪ್ ಬಿಚ್ಚಿ ನೋಡಿದರೆ, ಅದರ ಕೆಳಗಿನ ಬೇಸ್‌ನ ನಾಲ್ಕು ಸ್ಕ್ರೂಗಳಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು. ಬಿಗಿ ಮಾಡಿ ಅಂಟು ಹಾಕಿದೆ, ಸರಿಹೋಯಿತು. ಆಗ 2020ರ ಕೊನೆ, .30-30 ತೋಟಾ ಅಂಗಡಿಗಳಲ್ಲಿ ಸಿಗುತ್ತಲೇ ಇರಲಿಲ್ಲ. ಆ ಅರವತ್ತು ತೋಟಾ ವ್ಯರ್ಥವಾದದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಕೆಲಸ ಮಾಡಿಸಿದ ಮೇಲೆ ಸ್ಕ್ರೂ ನೀವೇ ಒಮ್ಮೆ ನೋಡಿಕೊಳ್ಳಿ.

ಶುಚಿ ಮಾಡುವುದರಲ್ಲಿ ಈ ಕೋವಿಗೆ ಪೂರ್ತಿ ಅಂಕ. ಲಿವರಿನ ಒಂದೇ ಒಂದು ಸ್ಕ್ರೂ ಬಿಚ್ಚಿ, ಲಿವರ್ ಕೆಳಗೆ ಎಳೆದರೆ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ಹಿಂದಿನಿಂದ ಈಚೆ ಬರುತ್ತದೆ. ನಳಿಗೆಯನ್ನು ಹಿಂದಿನಿಂದಲೇ ಉಜ್ಜಬಹುದು, ಮೂತಿ ಸವೆಯುವುದಿಲ್ಲ. ಬೋಲ್ಟ್ ತೆಗೆದಾಗ ಎಜೆಕ್ಟರ್ ಅನ್ನುವ ಸಣ್ಣ ಪಟ್ಟಿ ತಾನಾಗಿ ಕಳಚಿ ಬೀಳುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ಹಳೆಯದು ಕೊಳ್ಳುವವರು ಮರದ ಗೀರು ನೋಡಿ ಹಿಂದೆ ಸರಿಯಬೇಡಿ. ನೋಡಬೇಕಾದ್ದು ಒಳಗೆ. ನಳಿಗೆಯೊಳಗೆ ಬೆಳಕು ಬಿಟ್ಟು ತುಕ್ಕಿನ ಗುಳಿಗಳಿವೆಯಾ ನೋಡಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಗೊತ್ತಿಲ್ಲದೆ ಬಿಚ್ಚಿದ್ದಾರೆ ಅಂತ ಅರ್ಥ. ಅಂಗಡಿಯವರನ್ನು ಕೇಳಿ ನಕಲಿ ತೋಟಾ ತುಂಬಿ ನಿಧಾನವಾಗಿಯೂ, ಜೋರಾಗಿಯೂ ಲಿವರ್ ಆಡಿಸಿ. ತೋಟಾವನ್ನು ಮೇಲೆತ್ತುವ ಕ್ಯಾರಿಯರ್ ಸವೆದಿದ್ದರೆ ಎರಡನೇ ತೋಟಾ ಅದರ ಕೆಳಗೆ ನುಗ್ಗಿ ಎಲ್ಲ ಕಚ್ಚಿಕೊಂಡು ನಿಂತುಬಿಡುತ್ತದೆ. ನನ್ನದರಲ್ಲಿ ಇನ್ನೂ ಆಗಿಲ್ಲ, ಆದರೆ ತುಂಬಾ ಬಳಸಿದ ಮಾರ್ಲಿನ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ.

ಇನ್ನೊಂದು, 1980ರ ದಶಕದ ಮೊದಲಿನ ಕೋವಿಗಳಲ್ಲಿ ಒತ್ತುವ ಸೇಫ್ಟಿ ಗುಂಡಿ ಇಲ್ಲ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವುದೇ ಸೇಫ್ಟಿ. ಒಳಗೆ ತೋಟಾ ಇರುವಾಗ ಹೆಬ್ಬೆರಳಲ್ಲಿ ಕುದುರೆಯನ್ನು ಇಳಿಸಬೇಕಲ್ವಾ, ಆ ಒಂದು ಕ್ಷಣ ಮೈಯೆಲ್ಲ ಎಚ್ಚರ ಇರಬೇಕು. ಚಳಿಯಲ್ಲಿ ದಪ್ಪ ಗ್ಲೌಸ್ ಹಾಕಿಕೊಂಡು ನಾನು ಅದನ್ನು ಮಾಡುವುದೇ ಇಲ್ಲ. ಗ್ಲೌಸ್ ತೆಗೆದು, ಮೂತಿ ನೆಲದ ಕಡೆ ತಿರುಗಿಸಿ, ಆಮೇಲೆ.

ಈ ಸೆಪ್ಟೆಂಬರ್ 3ಕ್ಕೆ, ಕೈಲ್‌ಪೊಳ್ದ್ ದಿನ, ಸ್ನೇಹಿತರೊಬ್ಬರ ಜಮೀನಿನಲ್ಲಿ ನಾಲ್ಕು ಕೊಡಗಿನ ಮನೆಯವರು ಸೇರಿದ್ದೆವು. ಇಂಡಿಯನ್ ಸ್ಟೋರ್‌ನಿಂದ ತೆಂಗಿನಕಾಯಿ ತಂದು, ಹಿಂದೆ ಮಣ್ಣಿನ ಗುಡ್ಡ ಇರುವ ಕಡೆ ಕಂಬಕ್ಕೆ ಕಟ್ಟಿದೆವು. ಊರಿನ ಹಬ್ಬದ ಹಾಗೇ. ಹದಿಮೂರು ವರ್ಷದ ನನ್ನ ಮಗಳು ಸುರಕ್ಷತೆಯ ಕೋರ್ಸ್ ಮುಗಿಸಿದ್ದಾಳೆ. ಅವಳ ಮೊದಲ ಗುಂಡು ಮೇಲೆ ಹೋಯಿತು, ಎರಡನೆಯದು ಕಂಬಕ್ಕೆ ತಾಗಿತು. ಲಿವರ್ ಎಳೆದಳು, ಉಸಿರು ಬಿಟ್ಟಳು, ಕಾದಳು. ಮೂರನೆಯದಕ್ಕೆ ಕಾಯಿ ಸಿಡಿದು ನೀರು ಬಿಸಿಲಲ್ಲಿ ಹೊಗೆಯ ಹಾಗೆ ಚದುರಿತು. ಅವಳು ಕುಣಿಯಲಿಲ್ಲ. ಮೊದಲು ಲಿವರ್ ತೆರೆದು, ಒಳಗೆ ಖಾಲಿ ಇದೆ ಅಂತ ನನಗೆ ತೋರಿಸಿ, ಕೋವಿಯನ್ನು ಮೇಜಿನ ಮೇಲೆ ಮಲಗಿಸಿದಳು. ಆಮೇಲೆ ಕಿರುಚಿಕೊಂಡು ಅಮ್ಮನ ಹತ್ತಿರ ಓಡಿದಳು.

ಸಂಜೆ ನೋಡಿದರೆ ಅವಳ ಭುಜ ಕೆಂಪಾಗಿತ್ತು. ಹಿಂಬದಿಯ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಸಣ್ಣ ಮೈಯವರಿಗೆ ಪೆಟ್ಟು ಕೊಡುತ್ತದೆ. ನವೆಂಬರ್‌ನಲ್ಲಿ ಜಿಂಕೆ ಸೀಸನ್ ಶುರುವಾಗುವುದರೊಳಗೆ, ಮೂಲ ತಟ್ಟೆ ತೆಗೆಯದೆ, ಮೇಲಿಂದ ಹಾಕುವ ರಬ್ಬರ್ ಪ್ಯಾಡ್ ಒಂದು ತರಿಸಬೇಕು.