ಒನ್‌ಜಿಯಾಲಜಿ: ಪೋರ್ಟಲ್‌ಗೆ ಮೂರು ಸ್ಟಾರ್, ಅದರ ಹಿಂದಿನ ಕೆಲಸಕ್ಕೆ ಐದು

ಎಲ್ಲಿ ಯಾವ ಕಲ್ಲಿದೆ ಅಂತ ಹೇಳುವ ಹಲವು ದೇಶಗಳ ಭೂವಿಜ್ಞಾನ ನಕ್ಷೆಗಳನ್ನು ಒಂದೇ ಕಡೆ ತೋರಿಸುವ ವೆಬ್ ಪೋರ್ಟಲ್ ಒನ್‌ಜಿಯಾಲಜಿ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತೋಟದಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅಂತ ನೋಡುವುದಕ್ಕೆ ಇದು ಆಗಿಬರುವುದಿಲ್ಲ. ಒನ್‌ಜಿಯಾಲಜಿ ಇಟ್ಟುಕೊಂಡ ಗುರಿ 1:10,00,000 ಸ್ಕೇಲ್. ಅಂದರೆ ನಕ್ಷೆಯ 1 ಮಿಲಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ನಿಮ್ಮ ತೋಟ, ಪಕ್ಕದವರ ತೋಟ, ಊರ ಕೆರೆ ಎಲ್ಲ ಸೇರಿ ಒಂದು ಚುಕ್ಕೆ. ಹಲವು ದೇಶಗಳ ಕಲ್ಲನ್ನು ಒಟ್ಟಿಗೆ ನೋಡಬೇಕು ಅನ್ನುವವರಿಗೆ ಮಾತ್ರ ಇದು. ನಾನು ಪದವಿ ತರಗತಿಗೆ ಭೂವಿಜ್ಞಾನ ಪಾಠ ಮಾಡುವವನು, ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ.

ಇದು ಶುರುವಾಗಿದ್ದು 2007ರಲ್ಲಿ, ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಸಭೆಯಿಂದ. ಮುಂದೆ ನಿಂತಿದ್ದು ಬ್ರಿಟಿಷ್ ಜಿಯಾಲಜಿಕಲ್ ಸರ್ವೆ. ಮರುವರ್ಷ ಓಸ್ಲೋದಲ್ಲಿ ನಡೆದ ಅಂತಾರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನದಲ್ಲಿ ಪೋರ್ಟಲ್ ಬಿಡುಗಡೆಯಾಯಿತು. ಪೋರ್ಟಲ್ ಕಟ್ಟಿದ್ದು ಫ್ರಾನ್ಸಿನ ಸರ್ವೆ ಸಂಸ್ಥೆ ಬಿಆರ್‌ಜಿಎಂ. ಇದರ ಜಾಣತನ ಎಲ್ಲಿದೆ ಅಂದರೆ, ಯಾವ ದೇಶವೂ ತನ್ನ ನಕ್ಷೆಯನ್ನು ತಂದು ಒಂದೇ ಕಡೆ ಸುರಿಯಬೇಕಿಲ್ಲ. ಅವರವರ ನಕ್ಷೆ ಅವರವರ ಸರ್ವರ್‌ನಲ್ಲೇ ಇರುತ್ತದೆ. ಡಬ್ಲ್ಯೂಎಂಎಸ್ (ವೆಬ್ ಮ್ಯಾಪ್ ಸರ್ವೀಸ್, ಇಂಟರ್ನೆಟ್ ಮೂಲಕ ನಕ್ಷೆ ಕೇಳುವ ಮಾನದಂಡ) ಅನ್ನುವ ಒಂದೇ ರೀತಿಯಲ್ಲಿ ಕೇಳಿದರೆ ಎಲ್ಲ ಸರ್ವರ್‌ಗಳೂ ಒಂದೇ ರೀತಿಯಲ್ಲಿ ಉತ್ತರ ಕೊಡುತ್ತವೆ. ಸರ್ವರ್ ಇಟ್ಟುಕೊಳ್ಳಲು ಕಷ್ಟ ಇರುವ ದೇಶದ ನಕ್ಷೆಯನ್ನು ಬೇರೆ ದೇಶದ ಸರ್ವೆಯೊಂದು ತನ್ನಲ್ಲಿ ಇಟ್ಟು ಹಂಚುತ್ತದೆ.

ಇದೇ ಅನುಕೂಲ, ಇದೇ ತಲೆನೋವು. ಪೋರ್ಟಲ್ ಚೆನ್ನಾಗಿ ನಡೆಯುತ್ತಿದ್ದರೂ ಯಾವುದೋ ಒಂದು ದೇಶದ ಸರ್ವರ್ ಮಲಗಿದರೆ ಅಷ್ಟು ಜಾಗ ಖಾಲಿ. ತರಗತಿ ನಡೆಯುವ ದಿನವೇ ಹಾಗಾದರೆ ಏನು ಮಾಡುವುದು? ನಾನಂತೂ ಬೇಕಾದ ಚಿತ್ರಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳುತ್ತೇನೆ.

ನಿಜ ಹೇಳಬೇಕೆಂದರೆ ಪೋರ್ಟಲ್ ತೆರೆಯುವುದೇ ಕಡಿಮೆ. ಅಲ್ಲಿಂದ ಸರ್ವೀಸ್ ವಿಳಾಸ ತೆಗೆದುಕೊಂಡು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ಗೆ ಹಾಕುತ್ತೇನೆ. ಅಲ್ಲಿ ಲೇಯರ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು ಎಷ್ಟೋ ಸಲೀಸು. ಹೊಸಬರಿಗೆ ಒಂದು ಕಿವಿಮಾತು. ಡಬ್ಲ್ಯೂಎಂಎಸ್ 1.1.1ರಲ್ಲಿ ರೇಖಾಂಶ ಮೊದಲು. 1.3.0ರಲ್ಲಿ ಇಪಿಎಸ್‌ಜಿ 4326 (ಅಕ್ಷಾಂಶ-ರೇಖಾಂಶದಲ್ಲಿ ಜಾಗ ಹೇಳುವ ಪದ್ಧತಿಯ ಸಂಖ್ಯೆ) ಆರಿಸಿದರೆ ಅಕ್ಷಾಂಶ ಮೊದಲು. ಸರ್ವರ್ ಈ ನಿಯಮ ಸರಿಯಾಗಿ ಪಾಲಿಸದಿದ್ದರೆ ನಕ್ಷೆ ಎಲ್ಲೋ ಹೋಗಿ ಕೂರುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಕ್ಯೂಜಿಐಎಸ್‌ನ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಅಕ್ಷದ ದಿಕ್ಕನ್ನು ಕಡೆಗಣಿಸುವ, ತಿರುಗಿಸುವ ಆಯ್ಕೆಗಳಿವೆ. ಟಿಕ್ ಹಾಕಿ ನೋಡಿ. ಸರ್ವರ್ ಕೆಟ್ಟಿದೆ ಅಂತ ಸುಮ್ನೆ ಬೈದುಕೊಳ್ಳಬೇಡಿ.

ಇನ್ನು ಮುಖ್ಯ ವಿಷಯ. ಡಬ್ಲ್ಯೂಎಂಎಸ್ ಕೊಡುವುದು ಬರೀ ಚಿತ್ರ. ಬೇಕರಿಯ ಗಾಜಿನ ಹಿಂದಿನ ಮೈಸೂರ್ ಪಾಕ್ ಇದ್ದ ಹಾಗೆ, ನೋಡಬಹುದು ಅಷ್ಟೇ. ಇಂಗ್ಲಿಷ್ ಕಾಲುವೆಯ ಎರಡು ದಡ ನೋಡಿ. ಡೋವರ್‌ನ ಬಿಳಿ ಬಂಡೆಯೂ ಕ್ಯಾಲೆ ಹತ್ತಿರದ ಬಿಳಿ ಬಂಡೆಯೂ ಒಂದೇ ಸೀಮೆಸುಣ್ಣದ ಪದರ, ಕ್ರಿಟೇಶಿಯಸ್ ಅನ್ನುವ, ಡೈನೋಸಾರ್‌ಗಳ ಕೊನೆಯ ಕಾಲದ್ದು. ಬ್ರಿಟಿಷರ ನಕ್ಷೆ 1:6,25,000, ಫ್ರೆಂಚರದು 1:10,00,000. ಬಣ್ಣ ಬೇರೆ, ಗುಂಪು ಮಾಡಿದ ಕ್ರಮ ಬೇರೆ. ಕಣ್ಣಿಗೆ ಒಂದೇ ಅನ್ನಿಸಬಹುದು, ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಜಿಯೋಸೈಎಂಎಲ್ ಬಂದಿದ್ದು. ಭೂವಿಜ್ಞಾನದ ಮಾಹಿತಿಯನ್ನು ಎಲ್ಲರೂ ಒಂದೇ ರೀತಿ ಬರೆದಿಡಲು ಭೂವಿಜ್ಞಾನಗಳ ಅಂತಾರಾಷ್ಟ್ರೀಯ ಒಕ್ಕೂಟದ ಮಾಹಿತಿ ಆಯೋಗ ಸಿಜಿಐನವರು ಬೆಳೆಸಿದ ಮಾದರಿ ಇದು. ಇದರ 4.1 ಆವೃತ್ತಿ 2017ರಲ್ಲಿ, ನಕ್ಷೆ ಮಾಹಿತಿಗೆ ಮಾನದಂಡ ರೂಪಿಸುವ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂನ ಅಧಿಕೃತ ಮಾನದಂಡವಾಯಿತು. ಪೂರ್ತಿ ಮಾದರಿ ಭಾರೀ ಜಟಿಲ. ಅದನ್ನು ಓದಲು ಕೂತವರಿಗೆ ನನ್ನ ಸಹಾನುಭೂತಿ ಇದೆ. ಆದರೆ ಲೈಟ್ ಅಂತ ಒಂದು ಸರಳ ರೂಪ ಇದೆ, ಸಾಮಾನ್ಯ ಟೇಬಲ್ ತರಹ. ಹೆಸರು, ವಿವರಣೆಗಳನ್ನು ಆಯಾ ದೇಶ ತನ್ನ ಭಾಷೆಯಲ್ಲೇ ಬರೆಯಬಹುದು. ಜೊತೆಗೆ ಕಲ್ಲಿನ ಬಗೆಗೆ ಒಂದು ಕಾಲಂ, ವಯಸ್ಸಿಗೆ ಒಂದು ಕಾಲಂ. ಇವೆರಡರಲ್ಲಿ ಎಲ್ಲರೂ ಒಪ್ಪಿದ ಪಟ್ಟಿಯಲ್ಲಿ ಆ ಹೆಸರಿಗೆ ಕೊಟ್ಟ ವೆಬ್ ವಿಳಾಸವನ್ನೇ ಕೋಡ್ ಆಗಿ ಹಾಕಬೇಕು. ಆಮೇಲೆ 'ಕ್ರಿಟೇಶಿಯಸ್ ಮಾತ್ರ ತೋರಿಸು' ಅಂದರೆ ಎರಡೂ ದಡ ಒಟ್ಟಿಗೆ ಎದ್ದು ಬರುತ್ತವೆ. ಇದು ಕೆಲಸ ಮಾಡುವುದನ್ನು ತೋರಿಸಿದಾಗ ಹಿಂದಿನ ಬೆಂಚಿನವರೂ ಫೋನ್ ಕೆಳಗಿಡುತ್ತಾರೆ.

ಬೇಸರ ಏನೆಂದರೆ ಈ ಮಟ್ಟಕ್ಕೆ ಬಂದ ಲೇಯರ್‌ಗಳು ಕಡಿಮೆ. ಜಾಸ್ತಿ ಇರುವುದು ಚಿತ್ರಗಳೇ. ಮಾನದಂಡ ಎಲ್ಲವನ್ನೂ ಸರಿ ಮಾಡುವುದೂ ಇಲ್ಲ. ಗಡಿಯ ಈಚೆ ಒಬ್ಬರು ಗ್ರಾನೈಟ್ ಅಂದಿದ್ದನ್ನು ಆಚೆಯವರು ನೈಸ್ (gneiss, ಪಟ್ಟೆಪಟ್ಟೆಯ ರೂಪಾಂತರ ಶಿಲೆ) ಅಂದಿದ್ದರೆ ಎರಡೂ ಕೋಡ್ ಸರಿಯಾಗಿಯೇ ಇರುತ್ತವೆ, ನಕ್ಷೆ ಮಾತ್ರ ಗಡಿಗೆ ಸರಿಯಾಗಿ ಕತ್ತರಿಸಿದಂತೆ ನಿಲ್ಲುತ್ತದೆ. ಅದು ಬಗೆಹರಿಯಬೇಕಾದರೆ ಎರಡೂ ಕಡೆಯ ಭೂವಿಜ್ಞಾನಿಗಳು ಒಂದೇ ಬಂಡೆಯ ಮುಂದೆ ನಿಂತು ಜಗಳ ಆಡಬೇಕು. 2008ರಿಂದ 2010ರವರೆಗೆ ಯುರೋಪಿನಲ್ಲಿ ಒನ್‌ಜಿಯಾಲಜಿ ಯುರೋಪ್ ಅನ್ನುವ ಯೋಜನೆಯಡಿ ಈ ಹೊಂದಾಣಿಕೆಗೆ ಕೈ ಹಾಕಿದರು.

ನಮ್ಮ ಹುಡುಗರಿಗೆ ಇಷ್ಟವಾಗುವುದು ಮಡಗಾಸ್ಕರ್ ಕಥೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಜ್ವಾಲಾಮುಖಿಯ ಗುರುತು. ಮಡಗಾಸ್ಕರ್‌ನ ಈಶಾನ್ಯದ ಆಂಟೊಂಗಿಲ್ ಭಾಗದ ಹಳೇ ನೈಸ್‌ಗೂ ನಮ್ಮ ಧಾರವಾಡ ಕ್ರೇಟಾನ್‌ಗೂ (ಭೂಖಂಡದ ಬಹಳ ಹಳೆಯ, ಗಟ್ಟಿ ತುಂಡು) ನಂಟು ಹೇಳುತ್ತಾರೆ. ಒನ್‌ಜಿಯಾಲಜಿಯಲ್ಲಿ ಇಡೀ ಜಗತ್ತಿನ 1:5,00,00,000 ನಕ್ಷೆಯೂ ಇದೆ. ಎರಡೂ ನೆಲ ಒಂದೇ ಪರದೆಯ ಮೇಲೆ, ಒಂದೇ ಬಣ್ಣದ ಕ್ರಮದಲ್ಲಿ ಕಾಣುತ್ತವೆ. ಆದರೆ ಅಲ್ಲಿ 1 ಮಿಲಿಮೀಟರ್ ಅಂದರೆ 50 ಕಿಲೋಮೀಟರ್. ಸೇಂಟ್ ಮೇರೀಸ್ ಹುಡುಕಲು ಹೋಗಬೇಡಿ!

ಕೊನೆಗೆ ಲೈಸೆನ್ಸ್ ವಿಚಾರ. ಒಂದೇ ಪೋರ್ಟಲ್‌ನಲ್ಲಿ ಇದ್ದ ಮಾತ್ರಕ್ಕೆ ಎಲ್ಲ ನಕ್ಷೆಗೂ ಒಂದೇ ಷರತ್ತು ಇರುವುದಿಲ್ಲ. ಬ್ರಿಟನ್ನಿನ 1:6,25,000 ನಕ್ಷೆಯನ್ನು ಹೆಸರು ಹಾಕಿ ಧಾರಾಳವಾಗಿ ಬಳಸಬಹುದು. ಎಲ್ಲರೂ ಅಷ್ಟು ಉದಾರಿಗಳಲ್ಲ. ಪುಸ್ತಕದಲ್ಲಿ ಅಚ್ಚು ಹಾಕುವ ಮೊದಲು ಆ ಸರ್ವೀಸ್ ತನ್ನ ವಿವರ ತಾನೇ ಕೊಡುವ ಗೆಟ್‌ಕೇಪಬಿಲಿಟೀಸ್ ಕಡತ ತೆರೆದು, ಶುಲ್ಕ ಮತ್ತು ಬಳಕೆಯ ನಿರ್ಬಂಧ ಹೇಳುವ ಸಾಲುಗಳನ್ನು ಓದಿಕೊಳ್ಳಿ. ಅಲ್ಲಿ ಏನೂ ಬರೆದಿಲ್ಲದಿದ್ದರೆ ಆ ದೇಶದ ಸರ್ವೆಗೆ ಒಂದು ಮೇಲ್ ಹಾಕಿ ಕೇಳುವುದು ಒಳ್ಳೆಯದು.