ಹಡಗು ಹತ್ತುವ ಹಿಂದಿನ ರಾತ್ರಿ: ಮುಂಬೈಯ ನಾಲ್ಕು ಕಡೆ ತಂಗಿದ ಲೆಕ್ಕ

ಮುಂಬೈಯಿಂದ ಹೊರಡುವ ಪ್ರವಾಸಿ ಹಡಗನ್ನು ನಾನು ಮೂರು ಬಾರಿ ಹತ್ತಿದ್ದೇನೆ, ನಾಲ್ಕನೆಯ ಬಾರಿ ತಂಗಿಯ ಸಂಸಾರವನ್ನು ಹತ್ತಿಸಲು ಹೋಗಿದ್ದೇನೆ. ದೊಡ್ಡ ಕುಳ ಎಂದು ತಿಳಿಯಬೇಡಿ. ಎಲ್ಲವೂ ಎರಡು-ಮೂರು ರಾತ್ರಿಯ ಸಣ್ಣ ಯಾನಗಳು, ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್‌ಗಳು. ಹಡಗಿನ ಟಿಕೆಟ್‌ನಲ್ಲಿ ಉಳಿಸಿದ ಹಣವನ್ನು ಹತ್ತುವ ಮೊದಲೇ ಮುಂಬೈಯ ದಡದಲ್ಲಿ ಕಳೆದುಕೊಂಡವನು ನಾನು. ಹಾಗಾಗಿ ಎಲ್ಲಿ ತಂಗಬೇಕು, ಕೈಯಲ್ಲಿರುವ ಒಂದು ದಿನದಲ್ಲಿ ಏನು ನೋಡಬೇಕು ಎಂಬುದರ ಬಗ್ಗೆ ನನಗೆ ಈಗ ಖಚಿತವಾದ ಅಭಿಪ್ರಾಯಗಳಿವೆ.

ಮೊದಲು ಹಡಗುಕಟ್ಟೆಯ ವಿಷಯ. ನಾನು ಕಂಡ ಹಡಗುಗಳೆಲ್ಲ ಹೊರಟದ್ದು ಬಲ್ಲಾರ್ಡ್ ಪಿಯರ್‌ನಿಂದ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಅಂದರೆ ಹಳಬರ ಬಾಯಲ್ಲಿ ಇಂದಿಗೂ ವಿಟಿ ಆಗಿಯೇ ಉಳಿದಿರುವ ನಿಲ್ದಾಣದಿಂದ ಅದು ಕಾಲ್ನಡಿಗೆಯ ದೂರ. ಟ್ಯಾಕ್ಸಿಯವನಿಗೆ ‘ಕ್ರೂಸ್ ಟರ್ಮಿನಲ್’ ಎಂದರೆ ಸಾಲದು. ಮೊದಲ ಬಾರಿ ಹಾಗೆ ಹೇಳಿದ ನಮ್ಮನ್ನು ಆತ ಭಾವೂಚಾ ಧಕ್ಕಾದ ಕಡೆಗೆ ತಿರುಗಿಸಿಬಿಟ್ಟಿದ್ದ. ಅಲ್ಲಿಂದಲೂ ದೋಣಿಗಳು ಹೊರಡುತ್ತವೆ, ಮೀನಿನ ಬುಟ್ಟಿಗಳೂ ಇಳಿಯುತ್ತವೆ. ನಮ್ಮ ಹಡಗು ಮಾತ್ರ ಅಲ್ಲಿರಲಿಲ್ಲ. ‘ಬಲ್ಲಾರ್ಡ್ ಪಿಯರ್, ಗ್ರೀನ್ ಗೇಟ್’ ಎನ್ನಬೇಕು. ನಿಮ್ಮ ಟಿಕೆಟ್‌ನಲ್ಲಿ ಯಾವ ಗೇಟ್ ಬರೆದಿದೆಯೋ ಅದನ್ನೇ ಓದಿ ಹೇಳಿ.

ಆ ಮೊದಲ ಬಾರಿ ನಾವು ತಂಗಿದ್ದು ಕೊಲಾಬಾದಲ್ಲಿ. ಕಚೇರಿಯ ಇಬ್ಬರು ಗೆಳೆಯರ ಜೊತೆ ಹೋಗಿದ್ದೆ, ಕೊಠಡಿಗೆ 4,300 ರೂಪಾಯಿ. ಗೇಟ್‌ವೇ ಆಫ್ ಇಂಡಿಯಾದಿಂದ ಐದು ನಿಮಿಷ ಎಂದು ಬರೆದಿತ್ತು, ಅದು ನಿಜವೇ ಆಗಿತ್ತು. ಫೋಟೋದಲ್ಲಿ ಕಂಡ ಕಿಟಕಿಯೂ ನಿಜವೇ; ಅದನ್ನು ತೆರೆದರೆ ಪಕ್ಕದ ಕಟ್ಟಡದ ಹತ್ತು ಏಸಿ ಯಂತ್ರಗಳ ಬೆನ್ನು ಕಾಣುತ್ತಿತ್ತು, ಅವುಗಳ ಬಿಸಿಯುಸಿರು ಮುಖಕ್ಕೆ ಹೊಡೆಯುತ್ತಿತ್ತು. ಲಿಫ್ಟ್‌ಗೆ ಮಡಚುವ ಕಬ್ಬಿಣದ ಬಾಗಿಲು, ಅದರೊಳಗೆ ಒಬ್ಬ ಮನುಷ್ಯ ಮತ್ತು ಒಂದು ಪೆಟ್ಟಿಗೆಗೆ ಮಾತ್ರ ಜಾಗ. ಮೂವರು ಮೂರು ಸಲ ಮೇಲೇರಿದೆವು.

ಆದರೆ ಊರು ನೋಡಲು ಕೊಲಾಬಾಕ್ಕೆ ಸಮನಾದ ಜಾಗ ಇನ್ನೊಂದಿಲ್ಲ. ಬೆಳಿಗ್ಗೆ ಗೇಟ್‌ವೇಯಿಂದ ಎಲಿಫೆಂಟಾದ ದೋಣಿ ಹಿಡಿದೆವು. ಒಂದು ಗಂಟೆಯ ಪಯಣ, ಮೇಲಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲು, ಎರಡೂ ಬದಿಗೆ ಮಣಿಸರದ ಅಂಗಡಿಗಳು, ತಿಂಡಿ ಕಸಿಯುವ ಮಂಗಗಳು. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ತನಕ ಗುಹೆಯೊಳಗೆ ಬರೀ ಕಂಬಗಳಿದ್ದವು. ಆಮೇಲೆ ಹಿಂಬದಿಯ ಗೋಡೆಯಿಂದ ಆ ಮೂರು ಮುಖದ ಸದಾಶಿವ ನಿಧಾನವಾಗಿ ಮುಂದೆ ಬಂದ. ಸುಮಾರು ಇಪ್ಪತ್ತು ಅಡಿ ಎತ್ತರದ ಮೂರ್ತಿ, ಮುಚ್ಚಿದ ಕಣ್ಣು, ತುಸು ಮುಂದಕ್ಕೆ ಚಾಚಿದ ಕೆಳತುಟಿ. ನಮ್ಮಲ್ಲಿ ಬಾಯಿಬಡುಕನಾಗಿದ್ದ ಗೆಳೆಯ ಕೂಡ ಐದು ನಿಮಿಷ ಸುಮ್ಮನಿದ್ದ.

ಕನ್ನಡಿಗರಿಗೆ ಆ ದ್ವೀಪದಲ್ಲಿ ಇನ್ನೊಂದು ಎಳೆಯೂ ಇದೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ನೌಕಾದಾಳಿಯನ್ನು ವರ್ಣಿಸುತ್ತಾನೆ: ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ‘ಪುರಿ’ಯನ್ನು ನೂರಾರು ನಾವೆಗಳಿಂದ ಮುತ್ತಿದನಂತೆ. ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ಎಂದು ಗುರುತಿಸುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಮರಳುವ ದೋಣಿಯ ಮೇಲಂತಸ್ತಿನಲ್ಲಿ ಕುಳಿತು, ಲಂಗರು ಹಾಕಿದ ಸರಕು ಹಡಗುಗಳ ನಡುವೆ ಬರುವಾಗ, ಒಪ್ಪುವವರ ಪಕ್ಷವೇ ನನಗೆ ಹಿಡಿಸಿತು. ಸಮುದ್ರ ನೋಡಲೆಂದು ಸಾವಿರಗಟ್ಟಲೆ ಕೊಟ್ಟವನಿಗೆ ಈ ಇನ್ನೂರು ಚಿಲ್ಲರೆ ರೂಪಾಯಿಯ ದೋಣಿಯೇ ಹೆಚ್ಚು ಸಮುದ್ರ ತೋರಿಸಿತು ಎಂದರೆ ಹಡಗಿನವರು ಮುನಿಸಿಕೊಳ್ಳಬಾರದು.

ಎಚ್ಚರ ಎರಡು. ಸೋಮವಾರ ಗುಹೆಗಳಿಗೆ ರಜೆ. ಇನ್ನೊಂದು, ಹಡಗು ಹತ್ತುವ ದಿನ ಎಲಿಫೆಂಟಾಕ್ಕೆ ಹೋಗುವ ಧೈರ್ಯ ಬೇಡ. ಹೋಗಿಬರಲು ಐದು ಗಂಟೆ ಬೇಕು, ಹಿಂತಿರುಗುವ ದೋಣಿಗೆ ಸರದಿ ಉದ್ದವಿದ್ದರೆ ನಿಮ್ಮ ಹಡಗಿಗೆ ಅದು ಗೊತ್ತಾಗುವುದಿಲ್ಲ. ಹಡಗು ಸಂಜೆ ಹೊರಟರೂ ನಮ್ಮ ಹಾಜರಿಯ ವೇಳೆ ಮಧ್ಯಾಹ್ನವೇ ಇರುತ್ತದೆ.

ಕೊಲಾಬಾದ ಬೆಲೆ ನೆನಪಿನಲ್ಲಿದ್ದುದರಿಂದ ಎರಡನೆಯ ಬಾರಿ ಹೆಂಡತಿಯೊಡನೆ ಹೋದಾಗ ನವಿ ಮುಂಬೈಯ ವಾಶಿಯಲ್ಲಿ ತಂಗಿದೆವು. 1,900 ರೂಪಾಯಿಗೆ ಅಗಲವಾದ ಮಂಚ, ಹೊಸ ಕಟ್ಟಡ, ಬಕೆಟ್ ಬೇಡದ ಸ್ನಾನ. ನಾಲ್ಕು ತಂಗುದಾಣಗಳಲ್ಲಿ ಕೊಠಡಿಯೊಂದನ್ನೇ ನೋಡಿದರೆ ಮೊದಲ ಸ್ಥಾನ ಅದಕ್ಕೇ. ಹಾರ್ಬರ್ ಮಾರ್ಗದ ಲೋಕಲ್ ಹಿಡಿದರೆ ಐವತ್ತು ನಿಮಿಷದಲ್ಲಿ ವಿಟಿ, ಅಲ್ಲಿಂದ ನಡಿಗೆ ಎಂದು ಹೆಂಡತಿಗೆ ಲೆಕ್ಕ ಒಪ್ಪಿಸಿದ್ದೆ. ಅಂದು ಭಾನುವಾರ. ಭಾನುವಾರ ಹಗಲಿನಲ್ಲಿ ಹಳಿಗಳ ರಿಪೇರಿಗೆಂದು ಲೋಕಲ್ ಮಾರ್ಗಗಳಲ್ಲಿ ‘ಮೆಗಾ ಬ್ಲಾಕ್’ ಇರುತ್ತದೆಂಬುದು ಮುಂಬೈಯ ಮಕ್ಕಳಿಗೂ ಗೊತ್ತು, ಪತ್ರಿಕೆಯಲ್ಲಿ ಹಿಂದಿನ ದಿನವೇ ಬರುತ್ತದೆ. ಉಡುಪಿಯಿಂದ ಹೋದ ನನಗೆ ಗೊತ್ತಿರಲಿಲ್ಲ. ಟಿಕೆಟ್ ಕಿಟಕಿಯಲ್ಲಿದ್ದವನು ನನ್ನ ಸೂಟ್‌ಕೇಸನ್ನೊಮ್ಮೆ ನೋಡಿ, ಗಡಿಯಾರವನ್ನೊಮ್ಮೆ ನೋಡಿ ತಲೆಯಲ್ಲಾಡಿಸಿದ.

ಟ್ಯಾಕ್ಸಿಗೆ 900 ತೆತ್ತೆವು. 1,900ಕ್ಕೆ 900 ಸೇರಿದರೆ 2,800. ಆ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ವಾಶಿಯ ಸುತ್ತ ನೋಡುವುದಕ್ಕೆ ಮಾಲ್‌ಗಳಿವೆ. ಅವು ಮಂಗಳೂರಿನಲ್ಲೂ ಇವೆ.

ಮೂರನೆಯ ಬಾರಿ ಅಮ್ಮ ಮತ್ತು ದೊಡ್ಡಮ್ಮ. ಅವರಿಬ್ಬರನ್ನು ಕರೆದುಕೊಂಡು ಮುಂಬೈಗೆ ಹೋದರೆ ಮಾಟುಂಗಾ ಬಿಟ್ಟು ಬೇರೆಲ್ಲಿ ತಂಗಲಿ? ದೊಡ್ಡಪ್ಪ ಹದಿನೈದನೆಯ ವಯಸ್ಸಿನಲ್ಲಿ ಊರು ಬಿಟ್ಟು ಲೋಟ ತೊಳೆಯಲು ಸೇರಿದ್ದು ಅದೇ ಬೀದಿಗಳಲ್ಲೊಂದರಲ್ಲಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬೆಳಗಿನ ಜಾವ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಇಳಿಸಿತು. ಹೊರಗೆ ಆಟೋದವರು ಮುತ್ತಿಕೊಂಡರು. ಆಟೋಗಳಿಗೆ ಸಾಯನ್‌ನಿಂದ ತೆಂಕಣಕ್ಕೆ ಪ್ರವೇಶವಿಲ್ಲ. ಅದನ್ನು ಹೇಳದೆ ಹತ್ತಿಸಿಕೊಂಡು ಸಾಯನ್‌ನಲ್ಲಿ ಇಳಿಸಿದರೆ ಮತ್ತೆ ಟ್ಯಾಕ್ಸಿ, ಮತ್ತೆ ಗಂಟುಮೂಟೆ. ಮೊದಲಿಗೇ ಟ್ಯಾಕ್ಸಿ ಹಿಡಿಯುವುದು ಲೇಸು.

ಮಾಟುಂಗಾದಲ್ಲಿ ತಿನ್ನುವ ಹೋಟೆಲು ಹತ್ತು ಹೆಜ್ಜೆಗೊಂದು, ಮಲಗುವ ಹೋಟೆಲು ಬೆರಳೆಣಿಕೆಯಷ್ಟು. ಮೂವರಿಗೆ 3,000 ರೂಪಾಯಿಯ ಕೊಠಡಿ ಸಿಕ್ಕಿತು. ಗೋಡೆಗೆ ಹಸಿರು ಬಣ್ಣ, ಮಂಚದ ಕೆಳಗೆ ಹಿಂದಿನವರ ಹೇರ್‌ಪಿನ್. ಮೇಜಿನ ಹಿಂದಿದ್ದವರು ಆಧಾರ್ ಕಾರ್ಡ್ ತಿರುಗಿಸಿ ನೋಡಿ, ಹಿಂದಿಯನ್ನು ಅಲ್ಲಿಗೇ ಬಿಟ್ಟು, “ಉಡುಪಿಯಲ್ಲಿ ಎಲ್ಲಿ?” ಎಂದರು. ಅವರದು ಬೈಂದೂರು. ಮುಂದಿನ ಹತ್ತು ನಿಮಿಷ ದೊಡ್ಡಮ್ಮನೇ ಮಾತಾಡಿದರು. ಬಾಡಿಗೆ ಒಂದು ರೂಪಾಯಿಯೂ ಇಳಿಯಲಿಲ್ಲ, ಬಿಸಿನೀರು ಮಾತ್ರ ಬಕೆಟ್ಟಿನಲ್ಲಿ ಬಾಗಿಲಿಗೇ ಬಂತು.

ಅಲ್ಲಿ ನಾನು ಕಲಿತ ದೊಡ್ಡ ಪಾಠ ಇಪ್ಪತ್ನಾಲ್ಕು ಗಂಟೆಯ ಲೆಕ್ಕ: ಕೊಠಡಿ ಹೊಕ್ಕ ಹೊತ್ತಿಗೇ ಮರುದಿನ ಬಿಡಬೇಕು. ಬೆಳಿಗ್ಗೆ ಆರೂವರೆಗೆ ಕೊಠಡಿ ಸಿಕ್ಕಿತೆಂದು ಹಿಗ್ಗಿದ್ದೆ. ಮರುದಿನ, ಹಡಗು ಹತ್ತುವ ದಿನ, ಆರೂವರೆಗೆ ಬಾಗಿಲು ಬಡಿದಾಗ ಅರ್ಥವಾಯಿತು. ಹಡಗುಕಟ್ಟೆಯಲ್ಲಿ ನಮ್ಮ ಹಾಜರಿ ಮಧ್ಯಾಹ್ನ ಒಂದಕ್ಕೆ. ನಡುವಿನ ಆರೂವರೆ ಗಂಟೆ ಎಪ್ಪತ್ತು ದಾಟಿದ ಇಬ್ಬರು ಹೆಂಗಸರನ್ನು, ನಾಲ್ಕು ಚೀಲಗಳನ್ನು ಎಲ್ಲಿ ಕೂರಿಸುವುದು? ಬೈಂದೂರಿನವರು ಚೀಲಗಳನ್ನು ಮೇಜಿನ ಹಿಂದೆ ಇಟ್ಟುಕೊಂಡರು, ಬೇರೆ ಕಡೆಯಾಗಿದ್ದರೆ ಅರ್ಧ ದಿನದ ಬಾಡಿಗೆ ಕೇಳುತ್ತಿದ್ದರು. ಹನ್ನೆರಡು ಗಂಟೆಗೆ ತೆರವು ಎನ್ನುವ ಕಡೆ ಬೆಳಗಿನ ರೈಲಿನವರು ಮೊದಲ ದಿನ ಕಾಯಬೇಕು, ಇಪ್ಪತ್ನಾಲ್ಕು ಗಂಟೆಯ ಕಡೆ ಕೊನೆಯ ದಿನ. ಕೊನೆಯ ದಿನ ಕಾಯುವುದೇ ಹೆಚ್ಚು ಕಷ್ಟ. ಕೊಠಡಿ ಕಾಯ್ದಿರಿಸುವಾಗ ಏಸಿ ಇದೆಯೇ ಎಂದು ಕೇಳುವ ಮೊದಲು ಇದನ್ನು ಕೇಳಿ.

ತಿಂಡಿಯ ಮಾತಿಗೆ ಬಂದರೆ ಹೋಲಿಕೆಯೇ ಇಲ್ಲ. 1939ರ ರಾಮಾಶ್ರಯ, ಮಾಟುಂಗಾ ನಿಲ್ದಾಣದ ಮಗ್ಗುಲಲ್ಲಿ 1942ರಿಂದ ಬಾಳೆಲೆ ಹಾಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ದೊಡ್ಡಮ್ಮ ಸಾರು ಸುರಿದುಕೊಂಡು, “ನಿಮ್ಮ ದೊಡ್ಡಪ್ಪ ಮಾಡುತ್ತಿದ್ದುದು ಇದಕ್ಕಿಂತ ಖಾರ” ಎಂದರು. ಅಷ್ಟು ದೂರದಿಂದ ಅವರು ಬಂದದ್ದು ಹಡಗಿಗೋ ಆ ಸಾರಿಗೋ ಎಂದು ನನಗೆ ಆಗ ಅನುಮಾನ ಬಂತು. ಊಟದ ನಂತರ, 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್‌ನ ಕಟ್ಟಡವನ್ನು ಹೊರಗಿನಿಂದ ನೋಡಿದೆವು. ಪ್ರಭಾದೇವಿಯ ಸಿದ್ಧಿವಿನಾಯಕ, ಸಮುದ್ರದಂಚಿನ ಮಹಾಲಕ್ಷ್ಮಿ ಎರಡೂ ಅರ್ಧ ದಿನದಲ್ಲಿ ಮುಗಿದವು. ಮಂಗಳವಾರ ಮಾತ್ರ ಸಿದ್ಧಿವಿನಾಯಕನ ಸರದಿಗೆ ಹಿರಿಯರನ್ನು ನಿಲ್ಲಿಸಬೇಡಿ.

ಮಾಟುಂಗಾದಿಂದ ವಿಟಿಗೆ ಲೋಕಲ್ ಟಿಕೆಟ್ ಹತ್ತು ರೂಪಾಯಿ ಮೀರುವುದಿಲ್ಲ. ಆದರೆ ಪೆಟ್ಟಿಗೆಗಳೊಡನೆ ಅದು ಆಗದ ಮಾತು. ಟ್ಯಾಕ್ಸಿ 450 ಆಯಿತು. ಪಿ. ಡಿಮೆಲ್ಲೊ ರಸ್ತೆಯಲ್ಲಿ ಬಂದರಿನ ಲಾರಿಗಳ ಹಿಂದೆ ನಲವತ್ತು ನಿಮಿಷ ಆಮೆಯಂತೆ ತೆವಳಿದೆವು. ಅಮ್ಮ ಕೈಗಡಿಯಾರ ನೋಡುತ್ತಿದ್ದರು, ದೊಡ್ಡಮ್ಮ ವಿಷ್ಣು ಸಹಸ್ರನಾಮ ಶುರು ಮಾಡಿದ್ದರು. ಗ್ರೀನ್ ಗೇಟ್ ಬಂದಾಗ ಇನ್ನೂ ಮುನ್ನೂರು ನಾಮ ಬಾಕಿಯಿತ್ತು.

ಇಷ್ಟಾದ ಮೇಲೆ, ಕಳೆದ ಡಿಸೆಂಬರಿನಲ್ಲಿ ತಂಗಿ, ಭಾವ, ಇಬ್ಬರು ಮಕ್ಕಳನ್ನು ಹಡಗಿಗೆ ಹತ್ತಿಸುವ ಜವಾಬ್ದಾರಿ ಬಂದಾಗ ನಾನು ಎರಡನೆಯ ಯೋಚನೆ ಮಾಡದೆ ಕೋಟೆ ಪ್ರದೇಶದ, ಅಂದರೆ ಫೋರ್ಟ್‌ನ, ಒಂದು ಓಣಿಯ ಲಾಡ್ಜ್ ಹಿಡಿದೆ. ವಿಟಿಗೂ ಬಲ್ಲಾರ್ಡ್ ಎಸ್ಟೇಟಿಗೂ ನಡುವೆ, ಕೆಳಗೆ ಸ್ಟೇಷನರಿ ಸಗಟು ಅಂಗಡಿ, ಎರಡನೆಯ ಮಹಡಿಯಲ್ಲಿ ವಕೀಲರ ಕಚೇರಿ, ಮೂರರಲ್ಲಿ ನಾವು. ಕೊಠಡಿಗೆ 2,700. ವಾಶಿಯ 2,800 ನೆನಪಿದೆಯಲ್ಲ? ಇಲ್ಲಿ ಟ್ಯಾಕ್ಸಿಯ ಖರ್ಚು ಸೊನ್ನೆ. ಕೊಠಡಿ ಚಿಕ್ಕದು, ಮೆಟ್ಟಿಲು ಮರದ್ದು, ಲಿಫ್ಟ್ ಇಲ್ಲ. ಮಂಡಿನೋವಿನ ಹಿರಿಯರಿಗೆ ಇದನ್ನು ನಾನು ಹೇಳುವುದಿಲ್ಲ. ಭಾನುವಾರ ಸುತ್ತಲಿನ ತಿಂಡಿಯ ಅಂಗಡಿಗಳಲ್ಲಿ ಹಲವು ಮುಚ್ಚಿರುತ್ತವೆ, ರಾತ್ರಿ ಎಂಟರ ನಂತರ ಬೀದಿ ನಿರ್ಜನ. ವಿಮಾನದಲ್ಲಿ ಬರುವವರಿಗೆ ಈಗ ವಿಮಾನ ನಿಲ್ದಾಣದಿಂದ ವಿಟಿಯ ತನಕ ನೆಲದಡಿಯ ಮೆಟ್ರೊ ಇದೆ. 2025ರ ಅಕ್ಟೋಬರಿನಲ್ಲಿ ಆ ಮಾರ್ಗ ಪೂರ್ತಿ ತೆರೆದ ಮೇಲೆ ಫೋರ್ಟ್‌ನ ತೂಕ ಇನ್ನಷ್ಟು ಹೆಚ್ಚಿದೆ.

ಹಡಗಿನ ದಿನದ ಬೆಳಿಗ್ಗೆಗೆ ಫೋರ್ಟ್‌ನಷ್ಟು ಅನುಕೂಲದ ಜಾಗ ನಾನು ಕಂಡಿಲ್ಲ. ಚೀಲಗಳು ಲಾಡ್ಜಿನಲ್ಲೇ ಇರಲಿ, ನೀವು ಕೈಬೀಸಿ ನಡೆಯಬಹುದು. ಏಳು ಗಂಟೆಗೆ ವಿಟಿಯ ಎದುರು ನಿಂತು ಕಲ್ಲಿನಲ್ಲಿ ಕಡೆದ ನವಿಲು, ಮಂಗಗಳನ್ನು ಮಕ್ಕಳು ಎಣಿಸಿದರು. ಹಾರ್ನಿಮನ್ ಸರ್ಕಲ್‌ನ ಆಲದ ನೆರಳು, 1833ರ ಟೌನ್ ಹಾಲಿನ ಉದ್ದನೆಯ ಮೆಟ್ಟಿಲುಗಳು, 1822ರಿಂದ ಅಚ್ಚಾಗುತ್ತಿರುವ ಗುಜರಾತಿ ಪತ್ರಿಕೆ ಮುಂಬೈ ಸಮಾಚಾರದ ಕೆಂಪು ಕಟ್ಟಡ. ಅಲ್ಲಿಂದ ಬಲ್ಲಾರ್ಡ್ ಎಸ್ಟೇಟ್: ಇಂದಿರಾ ಡಾಕ್ ತೋಡಿದಾಗ ಬಂದ ಮಣ್ಣಿನಿಂದ ಸಮುದ್ರವನ್ನೇ ತುಂಬಿ ಮಾಡಿದ ನೆಲ. ಇಲ್ಲಿನ ಕಟ್ಟಡಗಳಿಗೆ ಒಂದೇ ಎತ್ತರ, ಒಂದೇ ಗತ್ತು ಇರುವಂತೆ ಯೋಜಿಸಿದವನು ಜಾರ್ಜ್ ವಿಟೆಟ್. ಕೊಲಾಬಾದವರು ನೋಡಿ ಬರುವ ಗೇಟ್‌ವೇ ಕೂಡ, ಅದರ ಹತ್ತಿರದ ವಸ್ತುಸಂಗ್ರಹಾಲಯ ಕೂಡ ಅವನದೇ. ರಜೆಯ ದಿನ ಈ ಬೀದಿಗಳಲ್ಲಿ ನಾಯಿಗಳು, ಕ್ರಿಕೆಟ್ ಆಡುವ ಹುಡುಗರು ಬಿಟ್ಟರೆ ಯಾರೂ ಇರುವುದಿಲ್ಲ. ಇದಕ್ಕೆ ಟಿಕೆಟ್ ಇಲ್ಲ, ಸರದಿಯಿಲ್ಲ. ತಿರುವೊಂದರಲ್ಲಿ ಸೋದರಳಿಯ ನಿಂತುಬಿಟ್ಟ. ಬೀದಿಯ ಕೊನೆಯಲ್ಲಿ, ಬಂದರಿನ ಗೋಡೆಯ ಮೇಲ್ಗಡೆ, ಹಡಗಿನ ಬಿಳಿಯ ಅಂತಸ್ತುಗಳು ಇನ್ನೊಂದು ಕಟ್ಟಡದ ಹಾಗೆ ನಿಂತಿದ್ದವು.

ಎರಡು ದಿನ ಇದ್ದವರಿಗೆ ನನ್ನ ಕ್ರಮ ಹೀಗೆ: ಫೋರ್ಟ್‌ನಲ್ಲೇ ಎರಡು ರಾತ್ರಿ. ಮೊದಲ ದಿನ ಎಲಿಫೆಂಟಾ, ಸಂಜೆ ಚೀಲವಿಲ್ಲದ ಬರಿಗೈಯಲ್ಲಿ ಲೋಕಲ್ ಹತ್ತಿ ಮಾಟುಂಗಾದ ಊಟ. ಹಿರಿಯರಿದ್ದರೆ ಮಾಟುಂಗಾವೇ ಸರಿ, ಆದರೆ ಹಡಗಿನ ದಿನ ಎರಡು ಗಂಟೆ ಮುಂಚೆ ಟ್ಯಾಕ್ಸಿ ಹತ್ತಿ. ಜೇಬಿನಲ್ಲಿ ಹಣ ಹೆಚ್ಚಿದ್ದು ಸಂಜೆಯ ಸಮುದ್ರಗಾಳಿ ಬೇಕೆನ್ನುವವರು ಕೊಲಾಬಾಕ್ಕೆ ಹೋಗಲಿ, ಕಿಟಕಿಯಿಂದ ಏನು ಕಾಣುತ್ತದೆಂದು ಕೇಳಿಕೊಂಡು. ವಾಶಿಯಲ್ಲಿ ನೆಂಟರಿದ್ದರೆ ನೆಂಟರನ್ನು ನೋಡಲು ಹೋಗಿ. ಯಾರೇ ಆಗಲಿ, ಗುರುತಿನ ಚೀಟಿ ಮತ್ತು ಮಾತ್ರೆಗಳನ್ನು ಕೈಚೀಲದಲ್ಲಿಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಯನ್ನು ಟರ್ಮಿನಲ್‌ನಲ್ಲೇ ಒಪ್ಪಿಸಿದರೆ ಅದು ಕ್ಯಾಬಿನ್ ಸೇರುವುದು ಎಷ್ಟು ಹೊತ್ತಿಗೋ. ದೊಡ್ಡಮ್ಮನ ಬಿಪಿ ಮಾತ್ರೆ ಒಮ್ಮೆ ಹಾಗೆ ಸಂಜೆಯವರೆಗೆ ಕಾಣೆಯಾಗಿತ್ತು.

ತಂಗಿಯವರು ಗಾಲಿ ಪೆಟ್ಟಿಗೆಗಳನ್ನು ಎಳೆದುಕೊಂಡು ಗೇಟ್ ತನಕ ನಡೆದೇ ಹೋದರು, ಹದಿನೆಂಟು ನಿಮಿಷ. ನನಗೆ ರಾತ್ರಿ ವಿಟಿಯಿಂದ ಮಂಗಳೂರು ರೈಲಿತ್ತು. ಸಂಜೆ ಗೇಟ್‌ವೇಯ ಕಟ್ಟೆಯ ಮೇಲೆ ಹತ್ತು ರೂಪಾಯಿಯ ಕಡಲೆಕಾಯಿ ಹಿಡಿದು ಕುಳಿತೆ. ಕತ್ತಲಾದ ಮೇಲೆ ದೂರದಲ್ಲಿ ಸಾಲುದೀಪದ ಹಡಗೊಂದು ನಿಧಾನವಾಗಿ ತೆಂಕಣಕ್ಕೆ ಸರಿಯತೊಡಗಿತು. ಫೋನ್ ಬಂತು.

“ಮಾಮ, ನಾವು ಕಾಣುತ್ತಿದ್ದೇವಾ?”

“ಕಾಣುತ್ತಿದ್ದೀರಿ” ಎಂದೆ. “ಕೈ ಬೀಸು.”